ಶ್ರೇಷ್ಠ ಆಟಗಾರನ ಆಯ್ಕೆಯೂ ನನ್ನ ರಕ್ತದೊತ್ತಡವೂ

ಬಹುಮಾನ ಕೊಡುವುದಕ್ಕೆ ವರ್ಷದಲ್ಲಿ ಒಂದು ಸಂಜೆ ಸಾಕು. ಅದು ಸಿಗಬೇಕಾದವನಿಗೆ ಸಿಗಲಿಲ್ಲ ಎಂದು ಜಗಳವಾಡುವುದಕ್ಕೆ ಉಳಿದ ವರ್ಷವೆಲ್ಲ ಸಾಲದು. ಸುಬಾಂಗ್ ಜಯಾದ ಖಾಸಗಿ ಮೆಡಿಕಲ್ ಕಾಲೇಜೊಂದರಲ್ಲಿ ಅನಾಟಮಿ ಪಾಠ ಮಾಡುವ ನಾನು ಇದನ್ನು ಯಾವ ಪುಸ್ತಕದಲ್ಲೂ ಓದಿದ್ದಲ್ಲ, ಅನುಭವಿಸಿ ಕಲಿತದ್ದು. ಉಡುಪಿ ಬಿಟ್ಟು ಮಲೇಷ್ಯಾಕ್ಕೆ ಬರುವಾಗ ಇಲ್ಲಿನ ಸೆಕೆ, ಖಾರ, ಟ್ರಾಫಿಕ್ಕು ಎಲ್ಲಕ್ಕೂ ಮನಸ್ಸು ಗಟ್ಟಿ ಮಾಡಿಕೊಂಡಿದ್ದೆ. ಫುಟ್‌ಬಾಲಿಗೆ ಮಾಡಿಕೊಂಡಿರಲಿಲ್ಲ.

ಕಾಲಿನ ಪಂಡಿತ

ಕಳೆದ ವರ್ಷ ನಮ್ಮ ಕಾಲೇಜಿನ ಶ್ರೇಷ್ಠ ಫುಟ್‌ಬಾಲ್ ಆಟಗಾರ ಪ್ರಶಸ್ತಿ ಸ್ಟ್ರೈಕರ್‌ಗೆ ಹೋಯಿತು. ಅರ್ಧ ಕಾಲೇಜು ‘ಡಿಫೆಂಡರ್‌ಗೆ ಅನ್ಯಾಯ’ ಎಂದಿತು, ಇನ್ನರ್ಧ ‘ಗೋಲ್‌ಕೀಪರ್‌ಗೆ ಅನ್ಯಾಯ’ ಎಂದಿತು. ಕ್ಯಾಂಟೀನಿನಲ್ಲಿ ಎರಡು ಪಕ್ಷದವರೂ ಬೇರೆ ಬೇರೆ ಮೇಜು ಹಿಡಿದರು. ವಾರ್ಡಿನಲ್ಲಿ ರೋಗಿಯ ಎಡಕ್ಕೆ ಒಂದು ಪಕ್ಷ, ಬಲಕ್ಕೆ ಒಂದು ಪಕ್ಷ ಮುಖ ಗಂಟಿಕ್ಕಿಕೊಂಡು ನಿಂತದ್ದನ್ನು ನೋಡಿ, ಹರ್ನಿಯಾಕ್ಕೆಂದು ಬಂದಿದ್ದ ಮುದುಕರೊಬ್ಬರು ತಮ್ಮ ಕಥೆ ಮುಗಿಯಿತೆಂದು ಮಕ್ಕಳನ್ನೆಲ್ಲ ಕರೆಸಿಕೊಂಡರು.

ಡೀನ್ ಮೇಡಂ ನನ್ನನ್ನು ಕರೆಸಿದರು. ಮಲಯ್ ಮಹಿಳೆ, ನಗುತ್ತಲೇ ಕತ್ತು ಕೊಯ್ಯುವ ಪೈಕಿ.

“ಈ ವರ್ಷವೂ ಗಲಾಟೆ ಆದರೆ ಪ್ರಶಸ್ತಿಯೂ ಇಲ್ಲ, ಫುಟ್‌ಬಾಲೂ ಇಲ್ಲ. ಮೈದಾನಕ್ಕೆ ಟಾರು ಹಾಕಿಸಿ ಕಾರು ನಿಲ್ಲಿಸುತ್ತೇನೆ. ಆಯ್ಕೆ ಸಮಿತಿಗೆ ನೀವೇ ಸಂಚಾಲಕರು.”

ಆ ಮೈದಾನ ನನ್ನ ಕೋಣೆಯ ಕಿಟಕಿಗೆ ನೇರವಾಗಿ ಕಾಣುತ್ತದೆ. ನನ್ನ ವಿದ್ಯಾರ್ಥಿಗಳು ಎಚ್ಚರವಾಗಿರುವುದನ್ನು ನಾನು ನೋಡಿದ್ದರೆ ಅಲ್ಲಿ ಮಾತ್ರ. ಅದನ್ನು ಕಳೆದುಕೊಳ್ಳುವುದು ನನಗೆ ಸುತರಾಂ ಇಷ್ಟವಿರಲಿಲ್ಲ. ಆದರೂ ಹೇಳಿದೆ, “ಮೇಡಂ, ನನಗೆ ಫುಟ್‌ಬಾಲಿನ ಗಂಧಗಾಳಿ ಇಲ್ಲ.”

“ಫುಟ್‌ಬಾಲ್ ಅಂದರೆ ಕಾಲು ತಾನೆ ಲಾ?” ಎಂದರು, ಇಲ್ಲಿನವರ ಮಾತಿನ ಬಾಲವಾದ ‘ಲಾ’ ಸೇರಿಸಿ. “ನೀವು ಕಾಲಿನ ಪಾಠ ಮಾಡುತ್ತೀರಿ.”

“ನಾನು ಪಾಠ ಮಾಡುವ ಕಾಲುಗಳು ಓಡುವುದಿಲ್ಲ ಮೇಡಂ. ಮೇಜಿನ ಮೇಲೆ ಮಲಗಿರುತ್ತವೆ.”

“ಇನ್ನೂ ಒಳ್ಳೆಯದು,” ಎಂದರು ಅವರು. “ಹಾಗಾದರೆ ನಿಮಗೆ ಯಾರ ಮೇಲೂ ಪಕ್ಷಪಾತ ಇರುವುದಿಲ್ಲ.”

ನುಂಗಿಹೋದ ಡಿಫೆಂಡರ್

ಸಮಿತಿಯಲ್ಲಿ ನನ್ನ ಜೊತೆ ಇನ್ನಿಬ್ಬರು. ಒಬ್ಬರು ಹುಬ್ಬಳ್ಳಿಯ ಮೂಳೆ ಡಾಕ್ಟರು, ಡಿಫೆಂಡರ್ ಪಕ್ಷ. ಇನ್ನೊಬ್ಬರು ಭಟ್ಕಳದ ಕಣ್ಣಿನ ಡಾಕ್ಟರು, ಗೋಲ್‌ಕೀಪರ್ ಪಕ್ಷ. ಇಬ್ಬರೂ ನನ್ನ ಸ್ನೇಹಿತರು, ಕಳೆದ ವರ್ಷದಿಂದ ಪರಸ್ಪರ ಮಾತು ಬಿಟ್ಟವರು. ರಾಜಿ ಮಾಡಿಸೋಣವೆಂದು ಕಾಲೇಜಿನ ಎದುರಿಗೆ ತಮಿಳು ಮುಸ್ಲಿಮರು ನಡೆಸುವ ಮಾಮಕ್ ಹೋಟೆಲಿಗೆ ಕರೆದುಕೊಂಡು ಹೋದೆ. ಚಹಾ ಮತ್ತು ಬಿಸಿ ರೊಟ್ಟಿ ಸಿಗುವಲ್ಲಿ ಎಂಥ ವೈರವೂ ಕರಗುತ್ತದೆ ಎಂಬುದು ನನ್ನ ನಂಬಿಕೆಯಾಗಿತ್ತು.

ಮೂಳೆ ಡಾಕ್ಟರು ಬಂದ ರೊಟ್ಟಿಯಿಂದ ಒಂದು ತುಂಡು ಹರಿದು ಮೇಜಿನ ನಡುವೆ ತಟ್ಟೆಯಲ್ಲಿಟ್ಟರು. ಅದು ಡಿಫೆಂಡರ್. ಬೇಯಿಸಿದ ಮೊಟ್ಟೆ ಗೋಲ್‌ಕೀಪರ್, ಸಕ್ಕರೆ ಡಬ್ಬಿ ಗೋಲು.

“ನೋಡ್ರೀ ಸರ್, ಫೈನಲ್‌ನ್ಯಾಗ ಈ ಹುಡುಗ ಹಿಂಗ ಗ್ವಾಡಿ ನಿಂತಂಗ ನಿಂತಿದ್ದ. ಒಂದ್ ಇರುವಿನೂ ದಾಟಿ ಹೋಗ್ಲಿಲ್ಲ. ಈ ಮೊಟ್ಟಿ ಏನ್ ಮಾಡ್ತು? ಹಿಂದ ಆರಾಮ್ ನಿಂತಿತ್ತು!”

ಅವರು ನನ್ನ ಕಡೆ ತಿರುಗಿ ಇಷ್ಟು ಹೇಳುವಷ್ಟರಲ್ಲಿ, ಏನೋ ಯೋಚನೆಯಲ್ಲಿದ್ದ ಕಣ್ಣಿನ ಡಾಕ್ಟರು ಡಿಫೆಂಡರನನ್ನು ಎತ್ತಿ ಸಾರಿನಲ್ಲಿ ಅದ್ದಿ ಬಾಯಿಗೆ ಹಾಕಿಕೊಂಡುಬಿಟ್ಟರು.

ಮೂಳೆ ಡಾಕ್ಟರು ಖಾಲಿ ಜಾಗ ನೋಡಿ ಹೌಹಾರಿದರು. “ನೋಡಿದ್ರೇನ್ರೀ ಸರ್! ಹ್ವಾದ ವರ್ಷ ಆ ಹುಡುಗನ್ನ ಲೆಕ್ಕಕ್ಕ ಹಿಡೀಲಿಲ್ಲ. ಈ ವರ್ಷ ನುಂಗೇಬಿಟ್ರು!”

ಕಣ್ಣಿನ ಡಾಕ್ಟರು ನಿಧಾನವಾಗಿ ಅಗಿದು, ಚಹಾ ಕುಡಿದು, ಒಂದು ವರ್ಷದ ಮೌನ ಮುರಿದರು. “ಎಂತ ಮಾಡುದು ಮಾರಾಯ್ರೆ, ನಿಮ್ಮ ಡಿಫೆಂಡರ್ ಅಷ್ಟು ಮೆತ್ತಗಿದ್ದ.”

ಮಾವನವರ ತೀರ್ಪು

ಆ ದಿನಗಳಲ್ಲೇ ಕುಂದಾಪುರದಿಂದ ನನ್ನ ಮಾವ ಬಂದಿದ್ದರು. ನಿವೃತ್ತ ಹೆಡ್‌ಮಾಸ್ತರರು. ಯಾರಿಗಾದರೂ ಅನ್ಯಾಯವಾದರೆ ಅವರಿಗೆ ಊಟ ಸೇರುವುದಿಲ್ಲ. ಹೊರಗಿನವರ ಕಣ್ಣು ಹೇಗೆ ನೋಡುತ್ತದೋ ತಿಳಿಯಲೆಂದು ಒಂದು ಪಂದ್ಯಕ್ಕೆ ಅವರನ್ನೂ ಮಗಳನ್ನೂ ಕರೆದೊಯ್ದೆ. ಮಾವ ರೆಪ್ಪೆ ಬಡಿಯದೆ ನೋಡಿದರು, ಮಧ್ಯೆ ಮಧ್ಯೆ ತಲೆ ಕೊಡವಿ ಲೊಚಗುಟ್ಟಿದರು.

ಪಂದ್ಯ ಮುಗಿದ ಮೇಲೆ ಕೇಳಿದೆ, “ಯಾರಿಗೆ ಕೊಡಬಹುದು ಮಾವ?”

“ಕೇಂಬುದೆಂತ ಡಾಕ್ಟ್ರೇ? ಆ ಕಪ್ಪಂಗಿ ಹುಡುಗನಿಗೆ. ಶುರುವಿಂದ ಕೊನೆವರೆಗೆ ಓಡ್ದ, ಪಾಪ. ಒಬ್ರಾದ್ರೂ ಅವ್ನಿಗೊಂದ್ ಸಲ ಚೆಂಡ್ ಕೊಟ್ರಾ?”

ಮಲೇಷ್ಯಾದಲ್ಲೇ ಬೆಳೆದ ನನ್ನ ಮಗಳಿಗೆ ಕನ್ನಡ ಅರ್ಥವಾಗುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ. “ಅಜ್ಜಾ, ಹಿ ಈಸ್ ದ ರೆಫರಿ!”

ಮಾವ ಸೋಲಲಿಲ್ಲ. “ರೆಫರಿ ಆದ್ರೆ ಎಂತಾಯ್ತ್? ಅವ್ನೂ ಒಬ್ಳು ಹೆತ್ತ ಮಗನೇ ಅಲ್ದಾ?”

ಎರಡನೆಯ ಅಟೆಂಪ್ಟ್

ಪರಿಹಾರ ಹೊಳೆದದ್ದು ಕಣ್ಣಿನ ಡಾಕ್ಟರಿಗೆ. “ನಮಗೆ ಆಟ ಗೊತ್ತಿಲ್ಲ, ಒಪ್ಪಿದೆ. ಆದ್ರೆ ಪರೀಕ್ಷೆ ಮಾಡ್ಲಿಕ್ಕೆ ಗೊತ್ತುಂಟಲ್ಲ? ಮಾರ್ಕ್ಸ್ ಕೊಟ್ರೆ ಯಾರೂ ಸೊಲ್ಲೆತ್ತುದಿಲ್ಲ.”

ಮೂವರೂ ಕೂತು ನಿಯಮ ಮಾಡಿದೆವು. ತಂಡದಲ್ಲಿ ಹೆಸರಿರುವ ಪ್ರತಿಯೊಬ್ಬನಿಗೂ ಮೊದಲೇ ನೂರು ಅಂಕ. ತಪ್ಪು ಮಾಡಿದ ಹಾಗೆಲ್ಲ ಕಡಿತ. ಚೆಂಡು ತಪ್ಪಿಸಿಕೊಂಡರೆ ಕಡಿತ, ಎದುರಾಳಿಯನ್ನು ಬೀಳಿಸಿದರೆ ಕಡಿತ, ಗೋಲು ಬಿಟ್ಟುಕೊಟ್ಟರೆ ಕಡಿತ. ಕೊನೆಗೆ ಯಾರ ಅಂಕ ಹೆಚ್ಚೋ ಅವನೇ ಶ್ರೇಷ್ಠ. ಅಂಕ ಕೊಡುವುದಕ್ಕೆ ಬೇರೆ ಕಾಲೇಜಿನಿಂದ ಎಕ್ಸ್‌ಟರ್ನಲ್ ಎಕ್ಸಾಮಿನರ್. ಯಾರೂ ಒತ್ತಡ ತರಬಾರದೆಂದು ಫಲಿತಾಂಶ ಮುಚ್ಚಿದ ಕವರಿನಲ್ಲಿ, ಒಡೆಯುವುದು ವೇದಿಕೆಯ ಮೇಲೆ. ಡೀನ್ ಮೇಡಂ ಸಹಿ ಹಾಕಿ ನೋಟಿಸ್ ಬೋರ್ಡಿಗೆ ಹಚ್ಚಿಸಿದರು. ತಿಂಗಳುಗಳ ನಂತರ ನಾನು ಹೊಟ್ಟೆ ತುಂಬಾ ಉಂಡೆ.

ಬಂದ ಎಕ್ಸಾಮಿನರ್ ಹೆಸರಾಂತ ಕಠಿಣ ಮನುಷ್ಯ. ಒಬ್ಬನನ್ನು ಪಾಸು ಮಾಡುವುದೆಂದರೆ ಅವರಿಗೆ ಸ್ವಂತ ಆಸ್ತಿ ಬರೆದುಕೊಟ್ಟಂತೆ. ಮೊದಲ ಪಂದ್ಯದಲ್ಲಿ ನಮ್ಮ ಸ್ಟ್ರೈಕರ್ ಒದ್ದ ಚೆಂಡು ಕಂಬಕ್ಕೆ ಬಡಿದು ವಾಪಸು ಬಂತು. ಹುಡುಗ ಮತ್ತೆ ಒದ್ದ, ಗೋಲು. ಮೈದಾನವೆಲ್ಲ ಕುಣಿಯಿತು. ಎಕ್ಸಾಮಿನರ್ ಮಾತ್ರ ತಣ್ಣಗೆ ಅಂಕ ಕಳೆದರು.

“ಗೋಲಾಯಿತಲ್ಲ ಸರ್?” ಎಂದೆ.

“ಆಯಿತು,” ಎಂದರು ಅವರು. “ಎರಡನೆಯ ಅಟೆಂಪ್ಟಿನಲ್ಲಿ.”

ಸಮಾನ ನ್ಯಾಯ

ಬಹುಮಾನದ ಸಂಜೆ ಸಭಾಂಗಣ ಕಿಕ್ಕಿರಿದಿತ್ತು. ಎಡಕ್ಕೆ ಡಿಫೆಂಡರ್ ಪಕ್ಷ, ಬಲಕ್ಕೆ ಗೋಲ್‌ಕೀಪರ್ ಪಕ್ಷ. ಡೀನ್ ಮೇಡಂ ಕವರು ಒಡೆದರು. ಓದಿದರು. ಕನ್ನಡಕ ತೆಗೆದು ಒರೆಸಿ ಮತ್ತೆ ಓದಿದರು. ಆಮೇಲೆ ಘೋಷಿಸಿದರು: ನೂರಕ್ಕೆ ನೂರು ಅಂಕ ಪಡೆದು ಈ ವರ್ಷದ ಶ್ರೇಷ್ಠ ಆಟಗಾರನಾದವನು, ತಂಡದ ಮೀಸಲು ಗೋಲ್‌ಕೀಪರ್.

ಉಳಿದ ಮೀಸಲಿನವರೆಲ್ಲ ಒಮ್ಮೆಯಾದರೂ ಮೈದಾನಕ್ಕಿಳಿದಿದ್ದರು, ಆ ಹುಡುಗ ಮಾತ್ರ ಇಡೀ ವರ್ಷ ಬೆಂಚಿನಿಂದ ಎದ್ದವನಲ್ಲ. ಒಂದು ನಿಮಿಷವೂ ಆಡಿದವನಲ್ಲ. ಆಡದವನು ತಪ್ಪು ಮಾಡುವುದೆಲ್ಲಿಂದ? ಅಂಕ ಕಡಿತವಾಗುವುದೆಲ್ಲಿಂದ? ಮೂರು ಜನ ಓದಿದ ಮೂರ್ಖರು ಕೂತು ಮಾಡಿದ ನಿಯಮದಲ್ಲಿ ಇಷ್ಟು ದೊಡ್ಡ ತೂತು ಇದ್ದದ್ದು ನಮಗೆ ಹೊಳೆದೇ ಇರಲಿಲ್ಲ.

ನನ್ನ ಮೂಗಿಗೆ ಆಗಲೇ ಟಾರಿನ ವಾಸನೆ ಬಡಿಯಿತು. ಆಮೇಲೆ ಎಡಗಡೆಯಿಂದ ಒಂದು ಚಪ್ಪಾಳೆ, ಬಲಗಡೆಯಿಂದ ಒಂದು ಚಪ್ಪಾಳೆ, ಕೊನೆಗೆ ಇಡೀ ಸಭಾಂಗಣ ಎದ್ದು ನಿಂತು ಚಪ್ಪಾಳೆ. ನನಗೇನೂ ಅರ್ಥವಾಗಲಿಲ್ಲ.

ಪಕ್ಕದಲ್ಲಿದ್ದ ಮೂಳೆ ಡಾಕ್ಟರು ಕಣ್ಣೊರೆಸಿಕೊಳ್ಳುತ್ತಿದ್ದರು. “ಆ ಮೇನ್ ಗೋಲ್‌ಕೀಪರ್‌ಗ ಹೋಗ್ಲಿಲ್ಲಲ್ರೀ ಸರ್. ಅಷ್ಟ್ ಸಾಕು ನನಗ.”

ಕಣ್ಣಿನ ಡಾಕ್ಟರು ಎದ್ದು ಬಂದು ಅವರನ್ನು ತಬ್ಬಿಕೊಂಡರು. “ಅನ್ಯಾಯ ಆದ್ರೆ ಎಲ್ಲರಿಗೂ ಒಂದೇ ಸಮ ಆಗ್ಬೇಕು ಮಾರಾಯ್ರೆ. ನ್ಯಾಯ ಅಂದ್ರೆ ಅದೇ ಅಲ್ವಾ?”

ಒಳ್ಳೆಯ ನಡತೆಯ ಸರ್ಟಿಫಿಕೇಟು

ಗಂಡಾಂತರ ಕಳೆಯಿತೆಂದು ಸೋಮವಾರ ಕೋಣೆಯಲ್ಲಿ ಕಾಲು ಚಾಚಿ ಕೂತಿದ್ದೆ. ಬಾಗಿಲು ತಳ್ಳಿಕೊಂಡು ಪ್ರಶಸ್ತಿ ಗೆದ್ದ ಹುಡುಗನ ತಂದೆ ಬಂದರು. ದಾವಣಗೆರೆಯವರು, ಇಲ್ಲೇ ಹತ್ತಿರದ ಬಾಂಗ್ಸಾರ್‌ನಲ್ಲಿ ಎಂಜಿನಿಯರು, ನನಗೆ ಮೊದಲಿನಿಂದ ಪರಿಚಯ. ಅಭಿನಂದನೆ ಹೇಳಲು ಬಂದಿದ್ದಾರೆಂದು ಕೈ ಚಾಚಿದೆ. ಅವರ ಮುಖ ಕೆಂಡವಾಗಿತ್ತು.

“ಸಾರ್, ಡಾಕ್ಟ್ರಾಗೋವರೆಗೂ ಫುಟ್‌ಬಾಲ್ ಆಡಬೇಡ ಅಂತ ಮಗನ ಹತ್ರ ಆಣೆ ಮಾಡಿಸಿದ್ದೆ. ಈಗ ನೋಡಿದ್ರೆ ಇಡೀ ಕಾಲೇಜಿಗೇ ಬೆಸ್ಟ್ ಪ್ಲೇಯರಂತೆ! ನೂರಕ್ಕೆ ನೂರು ತಗೋಬೇಕಾದ್ರೆ ಓದೋದು ಬಿಟ್ಟು ಎಷ್ಟು ಕದ್ದು ಕದ್ದು ಆಡಿರಬೇಕು! ಈಗಲೇ ಡೀನ್ ಹತ್ರ ಹೋಗ್ತೀನಿ. ಮಕ್ಕಳನ್ನ ಹಾಳು ಮಾಡೋ ಈ ಗ್ರೌಂಡನ್ನ ಮುಚ್ಚಿಸ್ತೀನಿ.”

ಮೈದಾನ ಮತ್ತೆ ಟಾರಿನ ಬಾಯಿಗೆ ಬಂತು. ಅವರನ್ನು ಹೇಗೋ ಕೂರಿಸಿ, ಹುಡುಗನನ್ನು ಕರೆಸಿದೆ. ಅವನು ಬಂದು ತಲೆ ತಗ್ಗಿಸಿ ನಿಂತ.

“ಮೈ ಅಬ್ಬಾ ಸೆಡ್ ಡೋಂಟ್ ಪ್ಲೇ. ಐ ಡಿಡ್ ನಾಟ್ ಪ್ಲೇ. ಹಿ ನೆವರ್ ಸೆಡ್ ಡೋಂಟ್ ಸಿಟ್.”

ಕೋಚ್‌ಗೆ ಮೊದಲ ದಿನವೇ ಹೇಳಿದ್ದನಂತೆ, ಜರ್ಸಿ ಕೊಡಿ, ಬೆಂಚಿನ ಮೇಲೆ ಗೆಳೆಯರ ಜೊತೆ ಕೂರುತ್ತೇನೆ, ಮೈದಾನಕ್ಕೆ ಮಾತ್ರ ಇಳಿಸಬೇಡಿ ಎಂದು. ಪಟ್ಟಿ ತುಂಬಿಸಲು ಕೋಚ್‌ಗೂ ‘ಆಡಿಸಿ’ ಎಂದು ಕಾಡದ ಅಂಥವನೊಬ್ಬ ಬೇಕಾಗಿತ್ತಂತೆ.

ತಂದೆಗೆ ನಂಬಿಕೆ ಬರಲಿಲ್ಲ. “ಒಂದ್ಸಲಾನೂ ಚೆಂಡು ಒದ್ದಿಲ್ವಾ ಸಾರ್?”

“ಇಲ್ಲ. ಒಂದು ಸಲ ಚೆಂಡೇ ಬೆಂಚಿನ ಹತ್ತಿರ ಉರುಳಿ ಬಂದಿತ್ತು. ಎತ್ತಿ ಕೊಟ್ಟ. ನಾನೇ ನೋಡಿದ್ದೇನೆ.”

“ಕೈಯಲ್ಲಿ ತಾನೆ?”

“ಕೈಯಲ್ಲೇ.”

“ಹಾಗಂತ ಬರೆದು ಕೊಡ್ತೀರಾ?”

ಮೈದಾನ ಉಳಿಯುವುದಾದರೆ ಶಾಸನ ಕೆತ್ತಿಸಿಕೊಡಲೂ ನಾನು ಸಿದ್ಧನಿದ್ದೆ. ಕಾಲೇಜಿನ ಹೆಸರಿದ್ದ ಹಾಳೆಯಲ್ಲಿ, ಈ ವರ್ಷದ ನಮ್ಮ ಶ್ರೇಷ್ಠ ಫುಟ್‌ಬಾಲ್ ಆಟಗಾರನು ಫುಟ್‌ಬಾಲನ್ನು ಎಂದೂ ಆಡಿರುವುದಿಲ್ಲ ಎಂದು ಈ ಮೂಲಕ ದೃಢೀಕರಿಸಿ, ಸಹಿ ಮಾಡಿ, ಮೊಹರು ಒತ್ತಿದೆ. ಅವರು ಓದಿದರು. ಮುಖದ ಕೆಂಪು ಇಳಿಯಿತು. ಮಗನ ತಲೆ ಸವರಿ, ನನ್ನ ಎರಡೂ ಕೈ ಹಿಡಿದುಕೊಂಡರು. “ಪ್ರಾಣ ಬಂತು ಸಾರ್,” ಎಂದರು. ಬಂದದ್ದು ಅವರೊಬ್ಬರದೇ ಅಲ್ಲ.

ಈ ಸಲದ ಈದ್‌ಗೆ ಅವರ ಮನೆಯಲ್ಲಿ ಓಪನ್ ಹೌಸ್. ಇಲ್ಲಿ ಹಬ್ಬದ ದಿನ ಬಾಗಿಲು ತೆರೆದಿಟ್ಟು ಬಂದವರಿಗೆಲ್ಲ ಊಟ ಹಾಕುವ ಪದ್ಧತಿ. ನಾವು ಮೂವರು ಡಾಕ್ಟರೂ ಹೋದೆವು. ಹಾಲಿನ ಗಾಜಿನ ಬೀರುವಿನಲ್ಲಿ ಟ್ರೋಫಿ ಫಳಫಳ ಹೊಳೆಯುತ್ತಿತ್ತು. ಅದರ ಪಕ್ಕದಲ್ಲಿ, ಚಿನ್ನದ ಬಣ್ಣದ ಕಟ್ಟು ಹಾಕಿಸಿದ ನನ್ನ ಸರ್ಟಿಫಿಕೇಟು. ಬಂದ ನೆಂಟರೆಲ್ಲ ಮೊದಲು ಟ್ರೋಫಿ ಓದಿ, ಆಮೇಲೆ ಸರ್ಟಿಫಿಕೇಟು ಓದಿ, ಮತ್ತೆ ಟ್ರೋಫಿ ಓದಿ, ಗೊಂದಲದಿಂದ ತಂದೆಯ ಮುಖ ನೋಡುತ್ತಿದ್ದರು.

ಅವರು ಮಗನ ಹೆಗಲ ಮೇಲೆ ಕೈ ಹಾಕಿ, ಎದೆಯುಬ್ಬಿಸಿ, ಒಬ್ಬೊಬ್ಬರಿಗೂ ಹೇಳುತ್ತಿದ್ದರು, “ನಮ್ಮ ಹುಡುಗ ಕಾಲೇಜಿಗೇ ಬೆಸ್ಟ್ ಪ್ಲೇಯರ್ ನೋಡಿ. ಆದ್ರೆ ದೇವರ ದಯೆ, ಆಡೋ ಚಟ ಇಲ್ಲ.”