ಚಪ್ಪಲಿ ಅಂಗಡಿಯ ಅಟ್ಟದ ಟವರು

ಮೊಬೈಲ್ ಫೋನಿಗೆ ಸುರಕ್ಷತೆ ಎಂಬುದನ್ನು ಕಂಡುಹಿಡಿದವನು ಟೀ ಅಂಗಡಿಯಲ್ಲಿ ಕೂತು ಈ ಕಥೆ ಹೇಳುತ್ತಿರುವವನೇ. ಸುಳ್ಳು, ಅವನ ಫೋನಿಗೆ ಕವರ್ ಕೂಡ ಇಲ್ಲ. ಮುಂದಿನದ್ದು ಮಾತ್ರ ಅಪ್ಪಟ ನಿಜ, ಅಲ್ಲಲ್ಲಿ ಬಿಟ್ಟರೆ.

ಮೊಬೈಲ್ ಕಂಪನಿಯ ನಿಯಮದಂತೆ ಫೋನು ತನ್ನ ಗುರುತನ್ನು ಟವರಿಗೆ ಹೇಳತಕ್ಕದ್ದು. 'ನೀನ್ಯಾರು' ಎಂದು ಫೋನೇ ಟವರನ್ನು ಕೇಳುವುದು ಅವಿಧೇಯತೆ ಎನಿಸತಕ್ಕದ್ದು. ಹೀಗಾಗಿ ಯಾವ ಟವರು ಜೋರಾಗಿ ಕೂಗುತ್ತದೋ ಊರಿನ ಫೋನುಗಳೆಲ್ಲ ಅದರ ಹಿಂದೆ ಬೀಳುತ್ತಿದ್ದವು. ಇದನ್ನರಿತ ಚಪ್ಪಲಿ ಅಂಗಡಿಯವರ ಅಳಿಯ, ಮಾವನ ಅಟ್ಟದಲ್ಲಿ ಒಂದು ಡಬ್ಬಿ, ಒಂದು ಆಂಟೆನಾ ಇಟ್ಟು ತನ್ನದೇ ಟವರು ಮಾಡಿಕೊಂಡು, ಊರವರ ಮಾತನ್ನೆಲ್ಲ ಮಲಗಿಕೊಂಡೇ ಕೇಳುತ್ತಿದ್ದ.

ಕಂಪನಿಯ ಸುರಕ್ಷತಾ ಅಧಿಕಾರಿಯನ್ನು ಎಲ್ಲರೂ ಬೀಗಪ್ಪ ಎನ್ನುತ್ತಿದ್ದರು. ಮ್ಯಾನೇಜರು ಅವನಿಗೆ ಫೋನ್ ಮಾಡಿ, "ಶುಕ್ರವಾರ ತಪಾಸಣೆಯವರು ಬರ್ತಾರೆ. ಅಷ್ಟರಲ್ಲಿ ಊರಲ್ಲಿ ನಕಲಿ ಟವರ್ ಇರಬಾರದು. ಇದ್ರೆ ನೀವಿರಬಾರದು," ಎಂದರು.

ನಕಲಿ ಟವರಿನ ಜಾಡು ಹಿಡಿದು ಬೀಗಪ್ಪ ಚಪ್ಪಲಿ ಅಂಗಡಿಯ ಅಟ್ಟ ಹತ್ತಿದ. ಅಳಿಯ ಕಿವಿಯಿಂದ ಹೆಡ್‌ಫೋನ್ ತೆಗೆದು ಎದ್ದು ಕೂತ.

"ಬನ್ನಿ ಬೀಗಪ್ಪಣ್ಣ. ನಿಮ್ಮ ಮ್ಯಾನೇಜರು ಹಾಗೆಲ್ಲ ಮಾತಾಡಬಾರದಿತ್ತು. ನನಗೇ ಬೇಜಾರಾಯ್ತು."

"ಕಳ್ಳ ನನ್ಮಗನೆ, ಮುಚ್ಚೋ ಇದನ್ನ!"

"ಮುಚ್ತೀನಣ್ಣ. ಆದೇಶ ತನ್ನಿ."

ಅಳಿಯನ ಮಾತಿನಲ್ಲಿ ತಪ್ಪಿರಲಿಲ್ಲ. ಆದೇಶ ಹೊರಡಲು ಟವರಿಗೆ ನೋಂದಣಿ ಸಂಖ್ಯೆ ಇರತಕ್ಕದ್ದು. ನೋಂದಾಯಿಸದ ಟವರು ಕಂಪನಿಯ ದೃಷ್ಟಿಯಲ್ಲಿ ಇಲ್ಲವೇ ಇಲ್ಲ. ಇಲ್ಲದ್ದನ್ನು ಮುಚ್ಚುವುದು ಹೇಗೆ? ಆದ್ದರಿಂದ ಬೀಗಪ್ಪ, ಮುಚ್ಚುವ ಸದುದ್ದೇಶದಿಂದಲೇ, ಅಟ್ಟದ ಟವರನ್ನು ನೋಂದಾಯಿಸಿದ. ನೋಂದಣಿಯ ಜೊತೆಗೆ ಅದಕ್ಕೊಂದು ಹೊಚ್ಚಹೊಸ ಗುರುತಿನ ಪ್ರಮಾಣಪತ್ರವೂ ಬಂತು. ಮುಚ್ಚುವ ಆದೇಶ ಮ್ಯಾನೇಜರ ಸಹಿಗೆ ಹೋಗಿ ಅಲ್ಲೇ ಬಿದ್ದುಕೊಂಡಿತು.

ಗಾಬರಿಯಾದ ಬೀಗಪ್ಪ ಗುರುವಾರ ಕೊನೆಯ ಅಸ್ತ್ರ ತೆಗೆದ. ಇನ್ನು ಮುಂದೆ ಫೋನುಗಳೂ ಟವರಿನ ಗುರುತು ಕೇಳಬಹುದು ಎಂದು ವ್ಯವಸ್ಥೆಯನ್ನು ಬದಲಿಸಿದ. ಫೋನುಗಳು ಕೇಳಿದವು. ಅಟ್ಟದ ಟವರು ಠೀವಿಯಿಂದ ಪ್ರಮಾಣಪತ್ರ ತೋರಿಸಿತು. ಕಂಪನಿಯ ಸ್ವಂತ ಟವರಿನ ಪ್ರಮಾಣಪತ್ರದ ಅವಧಿ ಮುಗಿದು ಯಾವುದೋ ಕಾಲವಾಗಿತ್ತು. ನವೀಕರಣವೂ ಮ್ಯಾನೇಜರ ಸಹಿಗೇ ಕಾಯುತ್ತಿತ್ತು. ಫೋನುಗಳೆಲ್ಲ ಅದಕ್ಕೆ ಬೆನ್ನು ತಿರುಗಿಸಿ ಅಟ್ಟ ಸೇರಿದವು.

ಶುಕ್ರವಾರ ತಪಾಸಣೆಯವರು ಬಂದು, ಊರಿನ ಏಕೈಕ ನಕಲಿ ಟವರನ್ನು ಕಂಪನಿಯ ಮಾಳಿಗೆಯ ಮೇಲೆಯೇ ಪತ್ತೆಹಚ್ಚಿ ಸೀಲು ಹಾಕಿದರು.

"ಅದು ನಮ್ಮದೇ ಕಣ್ರೀ!" ಎಂದರು ಮ್ಯಾನೇಜರು.

"ಅಂಥವೇ ಅಪಾಯ ಸಾರ್. ನೋಡೋಕೆ ಥೇಟ್ ಅಸಲಿ ಥರಾನೇ ಇರ್ತವೆ."

ಮ್ಯಾನೇಜರು ತಲೆದೂಗಿದರು. ನಕಲಿ ಟವರನ್ನು ಗಡುವಿನೊಳಗೆ ತೊಲಗಿಸಿದ್ದಕ್ಕಾಗಿ ಬೀಗಪ್ಪನ ನೌಕರಿ ಉಳಿಯಿತು. ಅಳಿಯನನ್ನು ಕಂಪನಿ ಪಾಲುದಾರನನ್ನಾಗಿ ಮಾಡಿಕೊಂಡು ಪ್ರಕಟಣೆ ಹೊರಡಿಸಿತು: 'ಮಾನ್ಯ ಗ್ರಾಹಕರೆ, ಇನ್ನು ಮುಂದೆ ತಮ್ಮ ಮಾತುಗಳನ್ನು ಅಧಿಕೃತವಾಗಿ ಮಾತ್ರ ಕದ್ದು ಕೇಳಲಾಗುವುದು.' ಗ್ರಾಹಕರಿಗೆ ನೆಮ್ಮದಿಯಾಯಿತು.

ಸಂಜೆ ಬೀಗಪ್ಪ ಹೆಂಡತಿಗೆ ಫೋನ್ ಮಾಡಿದ. "ಲೇ, ಕೆಲಸ ಉಳೀತು ಕಣೇ!"

"ಗೊತ್ತು ಬಿಡ್ರಿ, ಅಟ್ಟದವರು ಆಗ್ಲೇ ಹೇಳಿದ್ರು."

"ಬರ್ತಾ ಏನಾದ್ರೂ ತರ್ಲಾ?"

"ಏನೋ ಇತ್ತು... ನೆನಪಾಗ್ತಿಲ್ಲ."

ನಡುವೆ ಮೂರನೆಯ ದನಿ ಕೆಮ್ಮಿತು. "ಬಟ್ಟೆ ಸೋಪು, ಅತ್ತಿಗೆ. ಬೆಳಿಗ್ಗೆ ನಿಮ್ಮ ತಂಗಿ ಹತ್ರ ಅಂತಿದ್ರಿ."

"ಹೂಂ ಕಣಪ್ಪ, ಒಳ್ಳೇದಾಗ್ಲಿ ನಿಂಗೆ. ಕೇಳಿಸ್ತೇನ್ರೀ? ಸೋಪು."

ಬೀಗಪ್ಪ ಸೋಪು ತಂದ.

ನಂಬಿಕೆ ಬರದಿದ್ದರೆ ಯಾರಿಗಾದರೂ ಫೋನ್ ಹಚ್ಚಿ, ಅಳಿಯ ತಾನಾಗಿಯೇ ಮಾತಿಗೆ ಸಿಗುತ್ತಾನೆ. ಅಷ್ಟರಲ್ಲಿ ಈ ಟೀ ದುಡ್ಡು ನೀವೇ ಕೊಟ್ಟುಬಿಡಿ, ಸ್ವಾಮಿ.