ಮಾವನ ಮಂಡಿ ಮತ್ತು ನಾಲ್ಕು ಸಾಫ್ಟ್‌ವೇರುಗಳು

ನಮ್ಮ ಸೋದರಮಾವನಷ್ಟು ಜನರನ್ನು ಗೋಡೆಗೆ ನೇತುಹಾಕಿದವರು ಇಡೀ ಬಸವನಗುಡಿಯಲ್ಲೇ ಇನ್ನೊಬ್ಬರಿಲ್ಲ! ಗಾಬರಿಯಾಗಬೇಡಿ, ಗಾಂಧಿ ಬಜಾರಿನ ಪಕ್ಕದ ಅಡ್ಡರಸ್ತೆಯಲ್ಲಿ ಅವರದು ಫೋಟೋಗಳಿಗೆ ಕಟ್ಟು ಹಾಕುವ ಅಂಗಡಿ. ಅವರ ಎಡಮಂಡಿ ಸವೆದು ಹೋಗಿದೆ. ಬೇಗ ಆಪರೇಷನ್ ಮಾಡಿಸದಿದ್ದರೆ ನಡೆಯುವುದೇ ಕಷ್ಟ ಎಂದು ಡಾಕ್ಟರು ಹೇಳಿ ಆರು ತಿಂಗಳಾಯಿತು. ಇವರ ಉತ್ತರವೇನು ಗೊತ್ತೇ? "ಅಂಗಡಿಗೊಂದು ಒಳ್ಳೇ ಸಾಫ್ಟ್‌ವೇರ್ ಸಿಗ್ಲಿ, ಆಮೇಲೆ ಮಲಗ್ತೀನಿ!" ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಎನ್ನುವುದು ಇದಕ್ಕೇ.

ಮಂಡಿಗೂ ಸಾಫ್ಟ್‌ವೇರಿಗೂ ಸಂಬಂಧವಿದೆ, ನನ್ನ ಹೊಟ್ಟೆ ಉರಿಸುವುದೂ ಅದೇ. ಅವರು ಮಲಗಿದರೆ ಎರಡು ತಿಂಗಳು ಅಂಗಡಿ ನಡೆಸಬೇಕಾದವರು ಅತ್ತೆ ಮತ್ತು ನಾನು. ಆರ್ಡರುಗಳೆಲ್ಲ ಇರುವುದು ಮಾವನ ತಲೆಯಲ್ಲಿ! ಪ್ರತಿ ಫೋಟೋದ ಹಿಂದೆ ಪೆನ್ಸಿಲಿನಲ್ಲಿ ಗೀಚಿದ ಒಂದು ಚೀಟಿ ಮಾತ್ರ ಇರುತ್ತದೆ. "ಎರಡು ಮೂಗುತಿಯವರು." "ಕಡ್ಲೆಪುರಿ ಅಂಗಡಿ ಭಾವಮೈದ, ಕೋಪ ಜಾಸ್ತಿ." ಹೆಸರಿಲ್ಲ, ಫೋನ್ ನಂಬರಿಲ್ಲ, ಅಳತೆಯೂ ಇಲ್ಲ!

"ಯಾವುದು ಯಾರ್ದು ಅಂತ ನಮಗೆ ಹೆಂಗ್ ಗೊತ್ತಾಗ್ಬೇಕು ಮಾಮ?"

"ಬಂದಾಗ ಮುಖ ನೋಡು, ಗೊತ್ತಾಗತ್ತೆ!"

ಮೊದಲನೆಯ ಸಾಫ್ಟ್‌ವೇರು ಗಿರಾಕಿಯ ಹುಟ್ಟಿದ ದಿನ ತುಂಬದೆ ಮುಂದಕ್ಕೇ ಹೋಗುತ್ತಿರಲಿಲ್ಲ. "ವೆಂಕಟರಮಣನ ಪಟ ತಂದವರ ಜಾತಕ ನಾನ್ಯಾಕೆ ಕೇಳ್ಲಿ?" ಎಂದು ಅದನ್ನು ಸಾಗಹಾಕಿದರು. ಎರಡನೆಯದು ಬಂದ ಸರದಿಯಂತೆಯೇ ಕೆಲಸ ಹಚ್ಚುತ್ತಿತ್ತು. ನನಗೆ ಅದು ನ್ಯಾಯವಾಗಿಯೇ ಕಂಡಿತು. ಮಾವ ಮಾತ್ರ ಕೆರಳಿದರು. "ವೈಕುಂಠ ಸಮಾರಾಧನೆಗೆ ಫೋಟೋ ಬೇಕು ಅಂತ ಅಳ್ತಾ ಬಂದೋರಿಗೆ, ನಿಮಗಿಂತ ಮುಂಚೆ ಹನ್ನೊಂದು ಜನ ಇದಾರೆ ಅನ್ನಕ್ಕಾಗತ್ತೇನ್ರೀ?" ಕಂಪನಿಯಾತ ತಲೆ ಕೆರೆದುಕೊಂಡು ಹೋದ, ಮತ್ತೆ ಬರಲಿಲ್ಲ.

ಮೂರನೆಯದು ಕಟ್ಟು ಹಾಕಿದ ಫೋಟೋ ಗೋಡೆಯ ಮೇಲೆ ಹೇಗೆ ಕಾಣುತ್ತದೆಂದು ಮೊದಲೇ ತೋರಿಸುವಂಥದು. ತೋರಿಸಲು ಬಂದಾತ ಜಾಣ! ಮಾವನದೇ ಒಂದು ಫೋಟೋ ತೆಗೆದು, ಚಿನ್ನದ ಬಣ್ಣದ ಕಟ್ಟು ಹಾಕಿ, ಪರದೆಯ ಗೋಡೆಗೆ ನೇತುಹಾಕಿದ. ಅದೇ ಹೊತ್ತಿಗೆ ಕಾಫಿ ತಂದ ಅತ್ತೆ ಕಿಟಾರನೆ ಕಿರುಚಿದರು. "ಗಟ್ಟಿಮುಟ್ಟಾಗಿ ಕೂತಿರೋರನ್ನ ಗೋಡೆಗೆ ಹಾಕ್ತೀರಲ್ಲ, ಹಾರಾನೂ ನೀವೇ ತಂದಿದೀರಾ?" ಪಾಪ, ಅವನಿಗೆ ಕಾಫಿಯೂ ಸಿಗಲಿಲ್ಲ.

ನನಗೆ ರೇಗಿಹೋಯಿತು. ಕುಂಟುತ್ತಾ ಓಡಾಡುವ ಮನುಷ್ಯ ಹೀಗೆ ಒಂದೊಂದಕ್ಕೂ ಕೊಂಕು ತೆಗೆಯುತ್ತಾ ಕೂತರೆ ಯಾರಿಗೆ ತಾನೇ ಸಿಟ್ಟು ಬರುವುದಿಲ್ಲ? ನಾಲ್ಕನೆಯದನ್ನು ಅವರನ್ನು ಕೇಳದೆ ನಾನೇ ಹಾಕಿಸಿದೆ. ಇದ್ದ ಚೀಟಿಗಳೆಲ್ಲ ಯಾರ್ಯಾರವೆಂದು ಅವರ ಬಾಯಿಂದಲೇ ಬಿಡಿಸಿಕೊಂಡು, ಫೋನ್ ನಂಬರುಗಳನ್ನೂ ಹುಡುಕಿ ತುಂಬಿದೆ. ವಾರದ ಕೊನೆಗೆ, ಮುಗಿದಿದ್ದ ಒಂದು ಕೆಲಸದ ಮುಂದೆ "ಸಿದ್ಧ" ಎಂಬ ಗುಂಡಿ ಒತ್ತಿ, ಗೆದ್ದೆ ಎಂದು ಬೀಗಿದೆ.

ಗುಂಡಿ ಒತ್ತಿದರೆ ಗಿರಾಕಿಗೆ ತಾನಾಗಿಯೇ ಮೆಸೇಜ್ ಹೋಗುತ್ತದೆಂದು ನನಗೆ ಗೊತ್ತಿರಲಿಲ್ಲ, ಆ ಮನೆಯಿಂದ ಅಂಗಡಿಗೆ ಫೋನ್ ಬಂದಾಗಲೇ ನನಗೂ ಮಾವನಿಗೂ ತಿಳಿದದ್ದು. "ಅಭಿನಂದನೆಗಳು! ನಿಮ್ಮ ಸಂಭ್ರಮದ ಕ್ಷಣ ಸಿದ್ಧವಾಗಿದೆ!" ಅದು ಹೋದದ್ದು ಚಾಮರಾಜಪೇಟೆಯ ಒಬ್ಬ ಹೆಂಗಸಿಗೆ. ಅವರ ಗಂಡ ತೀರಿಕೊಂಡು ಅಂದಿಗೆ ಒಂಬತ್ತು ದಿನ.

ಮಾವ ಬೈಯುತ್ತಾರೆಂದು ಕಾದೆ. ಬೈಯಲಿಲ್ಲ. ಫೋಟೋವನ್ನು ಕಾಗದದಲ್ಲಿ ಸುತ್ತಿ, "ಆಟೋ ಕರಿ," ಎಂದರು. ಆ ಮನೆ ಮೂರನೇ ಮಹಡಿಯಲ್ಲಿತ್ತು, ಲಿಫ್ಟ್ ಇರಲಿಲ್ಲ. "ನಾನೊಬ್ಬಳೇ ಹೋಗಿ ಕ್ಷಮೆ ಕೇಳ್ತೀನಿ, ನೀವು ಇಲ್ಲೇ ಇರಿ ಮಾಮ," ಎಂದು ಗೋಗರೆದೆ. ಕೇಳುವ ಜನವೇ? ಕಂಬಿ ಹಿಡಿದು, ಪ್ರತಿ ಮೆಟ್ಟಿಲಿಗೂ ಉಸಿರು ಬಿಗಿಹಿಡಿದು ಹತ್ತಿದರು.

ಬಾಗಿಲು ತೆರೆದ ಆಕೆಗೆ ಕೈ ಮುಗಿದು, "ತಪ್ಪಾಗೋಯ್ತಮ್ಮ, ನಮ್ಮ ಅಂಗಡಿಯಿಂದ ಅಂಥ ಮೆಸೇಜ್ ಬರಬಾರ್ದಿತ್ತು," ಎಂದರು. ಆಕೆ ಫೋಟೋ ತೆಗೆದುಕೊಂಡು ಎದೆಗೆ ಒತ್ತಿಕೊಂಡರು. ಆಮೇಲೆ ಮಾವನ ನಡುಗುವ ಕಾಲನ್ನು ನೋಡಿದರು.

"ಈ ಕಾಲಿಟ್ಕೊಂಡು ಹತ್ತಿದ್ರಾ? ತೋರಿಸ್ಕೊಳ್ಳಿ, ಮುಂದಕ್ಕೆ ಹಾಕ್ಬೇಡಿ. ಎದೆನೋವು ಅಂತಿದ್ರು ನಮ್ಮನೆಯವರು. ಮಗಳ ಪರೀಕ್ಷೆ ಮುಗೀಲಿ, ಆಮೇಲೆ ಹೋಗೋಣ ಅಂದ್ರು."

ಇಳಿಯುವಾಗ ಮಾವ ಮೊದಲ ಸಲ ನನ್ನ ಹೆಗಲ ಮೇಲೆ ಪೂರ್ತಿ ಭಾರ ಬಿಟ್ಟರು. ಎರಡನೇ ಮಹಡಿಯಲ್ಲಿ ಸುಧಾರಿಸಿಕೊಳ್ಳಲು ನಿಂತಾಗ, "ನಾಳೆ ಡಾಕ್ಟ್ರಿಗೆ ಫೋನ್ ಮಾಡ್ಬಿಡು ಪುಟ್ಟಿ," ಎಂದರು.

"ಸಾಫ್ಟ್‌ವೇರು?"

"ಅದೇ ಇರ್ಲಿ. ಇಂಥ ಮನೆಗಳಿಗೆ ಮಾತ್ರ ಮೆಸೇಜ್ ಬೇಡ. ನೀನೇ ಹೋಗಿ, ಕೈಗೆ ಕೊಟ್ಟು, ಸ್ವಲ್ಪ ಹೊತ್ತು ಕೂತು ಬಾ."

ಆರು ತಿಂಗಳಿಂದ ಅವರ ಮೇಲೆ ಎಗರಾಡಿದವಳು ನಾನು. ಆ ಸಿಟ್ಟಿನೊಳಗೆಲ್ಲ ತುಂಬಿದ್ದದ್ದು ಹೆದರಿಕೆ ಎಂದು ಆ ಮೆಟ್ಟಿಲ ಮೇಲೆ ತಿಳಿಯಿತು. ಅವರ ಕೈಯನ್ನು ಇನ್ನಷ್ಟು ಬಿಗಿಯಾಗಿ ಹಿಡಿದು ಒಂದು ಮೆಟ್ಟಿಲು ಇಳಿದು ನಿಂತೆ, ಅವರು ಇಳಿಯುವವರೆಗೂ ಕಾದೆ.