ತೂಕ ಕೇಳುವ ಜೀಪು

ಇದನ್ನು ಬರೆಯುವುದನ್ನು ಮುಂದೂಡುತ್ತಲೇ ಬಂದೆ. ಕೊಯ್ಲು ಮುಗಿಯಲಿ ಎಂದೆ, ಮಳೆ ಬಿಡಲಿ ಎಂದೆ, ಕೊನೆಗೆ ಪೆನ್ನಿನ ಮೇಲೂ ತಪ್ಪು ಹೊರಿಸಿದೆ. ಇನ್ನು ನೆಪಗಳು ಉಳಿದಿಲ್ಲ.

ನನ್ನ ಹೆಂಡತಿಯ ತಮ್ಮನಂಥ ಜೀಪಿನವನು ಮೂಡಿಗೆರೆ ಸೀಮೆಯಲ್ಲಿ ಇನ್ನೊಬ್ಬನಿಲ್ಲ. ಬೇರೆಯವರು ಹತ್ತುವವರ ಹತ್ತಿರ ಬಾಡಿಗೆ ಕೇಳುತ್ತಾರೆ. ಇವನು ತೂಕ ಕೇಳುತ್ತಾನೆ!

ಕಾರಣವಿದೆ. ಪಂಪ್‌ಸೆಟ್ ರಿಪೇರಿ ಮಾಡಿಕೊಂಡಿದ್ದವನು ಒಂದು ದಿನ ತನ್ನ ಹಳೇ ಪೆಟ್ರೋಲ್ ಜೀಪಿನ ಕಾರ್ಬುರೇಟರ್ ಕಿತ್ತು, ಎಲ್ಲಿಂದಲೋ ತರಿಸಿದ ಫ್ಯೂಯಲ್ ಇಂಜೆಕ್ಷನ್ ಕೂರಿಸಿದ. ಎಂಜಿನ್ನಿಗೆ ಎಷ್ಟು ಪೆಟ್ರೋಲ್ ಚಿಮ್ಮಿಸಬೇಕೆಂದು ಇನ್ನು ಮುಂದೆ ಒಂದು ಪುಟ್ಟ ಕಂಪ್ಯೂಟರ್ ಹೇಳುತ್ತದಂತೆ. ಆ ಕಂಪ್ಯೂಟರಿಗೆ ಹೇಳಿಕೊಡುವವರು ಯಾರು? ಇವನೇ. ಅದಕ್ಕೊಂದು ಕೋಷ್ಟಕ, ಹೆಸರು ಫ್ಯೂಯಲ್ ಮ್ಯಾಪ್. ಅಡ್ಡಕ್ಕೆ ಎಂಜಿನ್ನಿನ ವೇಗ, ಉದ್ದಕ್ಕೆ ಅದರ ಮೇಲಿನ ಭಾರ, ಪ್ರತಿ ಚೌಕದಲ್ಲೂ ಒಂದು ಅಂಕಿ. ಓಡಿಸಿ ನೋಡಿ ಒಂದೊಂದೇ ಚೌಕ ತಿದ್ದಬೇಕು. ಭಾರದ ಚೌಕ ತಿದ್ದಲು ಭಾರ ಬೇಡವೇ? ಹಾಗಾಗಿ ದಾರಿಯಲ್ಲಿ ಸಿಕ್ಕವರನ್ನೆಲ್ಲ ತುಂಬಿಕೊಂಡು ಏರು ಹತ್ತಿಸುತ್ತಿದ್ದ. ದಪ್ಪಗಿದ್ದವರಿಗೆ ವಿಶೇಷ ಮರ್ಯಾದೆ.

ತಣ್ಣಗಿನ ಎಂಜಿನ್ನಿಗೆ ಬೇರೆಯೇ ಅಂಕಿಗಳಂತೆ. ಬೆಳಿಗ್ಗೆ ಒಮ್ಮೆ ಸ್ಟಾರ್ಟ್ ಮಾಡಿ, ಅಂಕಿ ತಿದ್ದಿ, ಆಫ್ ಮಾಡಿಬಿಡುವನು. ಅವನ ಹೆಂಡತಿ ಸಂತೆಗೆ ಹೊರಟು ನಿಂತರೆ, "ಈಗ ಮುಟ್ಬೇಡ, ತಣ್ಣಗಾಗ್ಲಿ. ಸಂಜೆ ಇನ್ನೊಂದ್ಸಲ ನೋಡ್ಬೇಕು."

"ನಾನು ಮಾತ್ರ ಬಿಸಿಲಲ್ಲಿ ಬಿಸಿಯಾಗ್ಲಾ?" ಎಂದು ಆಕೆ ಬಸ್ಸಿಗೆ ನಡೆಯುವಳು. ಜೀಪಿದ್ದ ಮನೆಯವರು ಬಸ್ಸಿನಲ್ಲಿ, ಊರಿನವರೆಲ್ಲ ಜೀಪಿನಲ್ಲಿ!

ಒಮ್ಮೆ ದೇವರಮನೆ ಗುಡ್ಡದ ದೇವಸ್ಥಾನ ತೋರಿಸುತ್ತೇನೆಂದು ನಮ್ಮನ್ನೆಲ್ಲ ಹತ್ತಿಸಿಕೊಂಡ. ಅರ್ಧ ಏರು ಹತ್ತಿ, ಜೀಪು ತಿರುಗಿಸಿ ಕೆಳಗಿಳಿದ. ಮತ್ತೆ ಹತ್ತಿದ, ಮತ್ತೆ ಇಳಿದ.

ಅವನ ಚಿಕ್ಕಮ್ಮನಿಗೆ ತಡೆಯಲಾಗಲಿಲ್ಲ. "ದೇವಸ್ಥಾನ ಮೇಲಿರೋದಲ್ವೇನೋ?"

"ಒಂದು ಚೌಕ ಬಾಕಿ ಇದೆ ಚಿಕ್ಕಮ್ಮ."

"ನನ್ನ ಇಳಿಸು ಮಾರಾಯ, ನಡ್ಕೊಂಡೇ ಹೋಗ್ತೀನಿ."

"ಅಯ್ಯೋ, ನೀವು ಇಳಿದ್ರೆ ಲೆಕ್ಕವೇ ಹೋಯ್ತಲ್ಲ!"

ಚಿಕ್ಕಮ್ಮನನ್ನು ಅಷ್ಟು ಬೇಡಿಕೊಂಡವನನ್ನು ನಾನು ಬೇರೆಲ್ಲೂ ಕಂಡಿಲ್ಲ.

ಇಷ್ಟು ನಗುತ್ತಿರುವ ನನಗೂ ಆ ಜೀಪಿನಲ್ಲಿ ಒಂದು ಕೆಲಸವಿತ್ತು. ಒಂದು ಪಾಲು ಪೆಟ್ರೋಲಿಗೆ ಎಷ್ಟು ಪಾಲು ಗಾಳಿ ಸೇರುತ್ತಿದೆ ಎಂದು ತೋರಿಸುವ ಮೀಟರು ನನ್ನ ಸೀಟಿನ ಎದುರಿಗೆ. ಅವನ ಕಣ್ಣು ರಸ್ತೆಯ ಮೇಲೆ. ಅಂಕಿ ಓದಿ ಹೇಳುವವನು ನಾನು. ಭಾರ ಎಳೆಯುವಾಗ ಹನ್ನೆರಡೂವರೆ ಇದ್ದರೆ ಹದ. ಹದಿನೈದಕ್ಕೆ ಹೋಯಿತೋ, ಪೆಟ್ರೋಲ್ ಸಾಲದೆ ಎಂಜಿನ್ನು ಬೆಂದುಹೋಗುತ್ತದೆ. ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರಾಗಿ ಪಾರ್ಚ್‌ಮೆಂಟ್ ಕಾಫಿ ಮೂಟೆಗಳ ತೂಕ ಕೂಗಿಕೊಂಡೇ ಆಯುಷ್ಯ ಕಳೆದವನು ನಾನು. ಅವನು ನನ್ನನ್ನು ನಂಬಿದ್ದರಲ್ಲಿ ಏನು ತಪ್ಪಿದೆ? ಆದರೆ ನನ್ನ ಕಣ್ಣಿಗೆ ಪೊರೆ ಬಂದಿತ್ತು. ಮೀಟರಿನಲ್ಲಿ ಕಾಣುತ್ತಿದ್ದುದು ಬರೀ ಕೆಂಪು ಮಸುಕು. ಹೇಳಿಕೊಳ್ಳಲು ನಾಚಿಕೆ.

"ಭಾವ, ಎಷ್ಟು?"

"ಹನ್ನೆರಡೂವರೆ."

ಅವನ ಮುಖ ಅರಳಿತು. ಅದು ಮಾತ್ರ ನನಗೆ ಚೆನ್ನಾಗಿ ಕಾಣಿಸಿತು. ಆಮೇಲೆ ಕೇಳಿದಾಗಲೆಲ್ಲ ಅದನ್ನೇ ಹೇಳಿದೆ. ಅವನೂ ಆ ಚೌಕ ಸರಿಯಾಯಿತೆಂದು ಮುಂದಿನದಕ್ಕೆ ಹೋದ.

ಜಾವಳಿ ಕಡೆಯ ಪ್ಲಾಂಟರ್ ಒಬ್ಬರು, "ತುಂಬಿದ ಜೀಪು ದೇವರಮನೆ ಹತ್ತಲಿ, ನಮ್ಮ ಎಸ್ಟೇಟಿನ ಜೀಪುಗಳೆಲ್ಲ ನಿನ್ನ ಕೈಗೇ" ಎಂದಿದ್ದರು. ಸ್ವಂತ ವರ್ಕ್‌ಶಾಪ್ ಇಡಬೇಕೆಂಬ ಅವನ ಆಸೆಯೆಲ್ಲ ಆ ಏರಿನ ಮೇಲಿತ್ತು. ಅವರನ್ನೇ ಕೂರಿಸಿಕೊಂಡು, ಜೀಪು ತುಂಬ ಜನ ಹತ್ತಿಸಿಕೊಂಡು ಹೊರಟೆವು. ಅರ್ಧದಾರಿಯಲ್ಲಿ ಎಂಜಿನ್ನು ಕಟಕಟ ಎಂದಿತು.

"ಎಂತದೋ ಶಬ್ದ. ಭಾವ, ಸರಿಯಾಗಿ ನೋಡಿ ಹೇಳಿ."

"ಹನ್ನೆರಡೂವರೆ ಮಾರಾಯ, ನೀನು ಓಡ್ಸು."

ಮುಂದಿನ ತಿರುವಿನಲ್ಲಿ ಪಿಸ್ಟನ್ ತೂತಾಗಿ ಎಂಜಿನ್ನು ನಿಂತೇಹೋಯಿತು. ಪ್ಲಾಂಟರು ಪ್ರವಾಸಿಗರ ಕಾರೊಂದಕ್ಕೆ ಕೈ ಅಡ್ಡ ಹಿಡಿದು ಹೊರಟುಹೋದರು. ಹಿಂದೆ ಕೂತಿದ್ದ ಒಬ್ಬರು, "ಮೀಟರು ಓದಿದ್ದೇ ತಪ್ಪೇನೋ" ಎಂದರು.

ಅವನು ಬಾನೆಟ್ಟಿನಿಂದ ತಲೆ ಎತ್ತಿದ. "ಭಾವ ಓದೋದ್ರಲ್ಲಿ ತಪ್ಪಲ್ಲ. ಪೆಟ್ರೋಲ್ ಪಂಪೇ ಕೈ ಕೊಟ್ಟಿರ್ಬೇಕು."

ನಾನು ಎದುರಿನ ಹುಲ್ಲುಗುಡ್ಡ ನೋಡುತ್ತಾ ನಿಂತುಬಿಟ್ಟೆ.

ಈ ವರ್ಷ ನಾನು ಪೊರೆ ತೆಗೆಸಿದೆ. ಅವನೂ ಕೈಬಿಟ್ಟಿಲ್ಲ, ಬೇರೆ ಎಂಜಿನ್ನು ಕೂರಿಸಿದ್ದಾನೆ. ಇನ್ನೊಮ್ಮೆ ನೋಡೋಣ ಎಂದು ಪ್ಲಾಂಟರೂ ಒಪ್ಪಿದ್ದಾರೆ. ಇವತ್ತು ಮಧ್ಯಾಹ್ನ ಅವನ ಫೋನು ಬಂತು.

"ಪಂಪು ಹೊಸದು ಹಾಕಿದೀನಿ ಭಾವ. ಭಾರದ ಚೌಕ ಮಾತ್ರ ಮುಟ್ಟಿಲ್ಲ, ಹಳೇ ಅಂಕಿಗಳೇ ಇರ್ಲಿ. ನೀವು ನೋಡಿ ಹೇಳಿದ್ದಲ್ವಾ, ಅದೊಂದು ಗಟ್ಟಿ."

ಫೋನಿಟ್ಟು ಬರೆಯಲು ಕೂತೆ. ನಾಳೆ ಬೆಳಿಗ್ಗೆ ಅವನ ಶೆಡ್ಡಿಗೆ ಹೋಗಿ, ಜೀಪು ಸ್ಟಾರ್ಟ್ ಮಾಡುವ ಮೊದಲು ಇದನ್ನು ಅವನಿಗೇ ಓದಿ ಹೇಳುತ್ತೇನೆ. ಬಾಯಿಮಾತಿನಲ್ಲಾದರೆ ಮತ್ತೆ ತಪ್ಪಿಸಿಕೊಂಡೇನು.

ಆ ಚೌಕಗಳನ್ನೆಲ್ಲ ಅಳಿಸಿಬಿಡು. ತಪ್ಪು ನಿನ್ನದಲ್ಲ, ಪಂಪಿನದ್ದೂ ಅಲ್ಲ. ನಾನು ಮೀಟರು ಓದಿರಲೇ ಇಲ್ಲ. ಕ್ಷಮಿಸು, ಪೂರ್ಣೇಶ.